ವಿಸ್ಮಯವೂ ಸ್ಮರಣೆಯೂ: ಹಬ್ಶಿಗಳ ಚರಿತ್ರೆಯ ಪ್ರದರ್ಶನಗಳನ್ನು ಕುರಿತು

ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕೆತ್ತಿರುವ ಪಾರಸಿ ಬರಹಗಳಲ್ಲಿ ಒಂದು, ಕಟ್ಟಡದ ಸ್ತುತಿಯನ್ನು ಬಿಟ್ಟು ಅದನ್ನು ಎಬ್ಬಿಸಿದವನ ಲೆಕ್ಕವನ್ನು ಹೇಳುತ್ತದೆ. ತಾಜ್ ಸುಲ್ತಾನೆಯ ಸಲುವಾಗಿ ಮಲಿಕ್ ಸಂದಲ್ ಎಂಬವನು ಬಹು ಶ್ರಮದಿಂದ ಇದನ್ನು ಮುಗಿಸಿದನೆಂದೂ, ಅದಕ್ಕೆ ಒಂದೂವರೆ ಲಕ್ಷ ಹೊನ್ನುಗಳೂ ಮೇಲೆ ಒಂಬೈನೂರು ಹೊನ್ನುಗಳೂ ವೆಚ್ಚವಾದವೆಂದೂ ಅದರ ತಾತ್ಪರ್ಯ. ಕಾಲವು ೧೬೨೬ರ ಸುಮಾರು. ಅರಸರ ಗೋರಿಯ ಮೇಲೆ ದುಡಿದವನ ಹೆಸರು ಉಳಿಯುವದು ಅಪರೂಪದ ಸಂಗತಿಯೇ ಸರಿ. ಈ ಸಂದಲನು ಹಬ್ಶಿ, ಎಂದರೆ ಆಫ್ರಿಕಾ ಖಂಡದ ಅಬಿಸೀನಿಯಾ ಕಡೆಯಿಂದ ಬಂದವನು ಎಂದು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಈ ಮಾತನ್ನು ಕೇಳಿದ ಯಾತ್ರಿಕನು ಒಂದು ಕ್ಷಣ ನಿಂತು, ಗುಮ್ಮಟವನ್ನೂ ಮಿನಾರುಗಳನ್ನೂ ಮತ್ತೊಮ್ಮೆ ನೋಡಿ, "ಹೌದೇ? ಒಬ್ಬ ಹಬ್ಶಿಯೇ?" ಎನ್ನುವದುಂಟು. ಈ ವಿಮರ್ಶೆಯಲ್ಲಿ ಹೇಳಬೇಕಾದದ್ದೆಲ್ಲ "ಹಬ್ಶಿಯೇ" ಎಂಬಲ್ಲಿಯ ಆ ಒಂದು ಏಕಾರದಲ್ಲಿ ಅಡಗಿದೆ.

ಸದ್ಯ ಹಲವು ದೇಶಗಳಲ್ಲಿ ಗ್ರಂಥಾಲಯಗಳೂ ಕಲಾಸಂಘಗಳೂ ಕರಿಯ ಜನರ ಚರಿತ್ರೆಯನ್ನು ಕೊಂಡಾಡುವ ಉತ್ಸವಗಳನ್ನು ನಡೆಸುತ್ತಿರುವವು. ಚಿತ್ರಗಳ ಪ್ರದರ್ಶನ, ವ್ಯಾಖ್ಯಾನ, ಹಾಡು, ಕುಣಿತ, ನಾಟಕ, ಕೈಗೆಲಸಗಳ ಮೇಳ, ಮಕ್ಕಳಿಗೆ ಕಥೆ ಓದಿ ಹೇಳುವದು, ಇವೆಲ್ಲ ಅವುಗಳ ಅಂಗಗಳು. ಇದು ದೂರದ ಸಂಗತಿಯೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಾಚಕರು ಬದಿಗಿಡುವಂತಿಲ್ಲ. ಏಕೆಂದರೆ ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯವು ಈ ತಾಲೂಕುಗಳಿಗೆಲ್ಲ ರಾಜಧಾನಿಯಾಗಿದ್ದ ವಿಜಾಪುರದಲ್ಲಿಯೇ ನಡೆಯಿತು. ಇನ್ನೊಂದು ಅಧ್ಯಾಯವು ಕನ್ನಡ ನಾಡಿನ ಕಾಡಿನ ಅಂಚಿನಲ್ಲಿ ಇಂದಿಗೂ ನಡೆಯುತ್ತಲಿದೆ. ಇಂಥ ಉತ್ಸವಗಳು ಮಾಡುವ ಕೆಲಸವೇನು, ಮಾಡದೆ ಬಿಡುವ ಕೆಲಸವೇನು ಎಂಬದನ್ನು, ಕಾವ್ಯವನ್ನು ಪರೀಕ್ಷಿಸುವ ನಿಷ್ಠುರತೆಯಿಂದಲೇ ಪರೀಕ್ಷಿಸುವದು ಯುಕ್ತ. ಒಳ್ಳೆಯ ಉದ್ದೇಶವುಳ್ಳ ಕಾವ್ಯಕ್ಕೆ ದೋಷವಿಚಾರವು ಬೇಡವೆಂದು ಯಾವ ಆಲಂಕಾರಿಕನೂ ಹೇಳಿಲ್ಲ.

ಮೊದಲು ಮೂಲವನ್ನು ನೋಡಬೇಕು. ಅಮೇರಿಕದಲ್ಲಿ ಕಾರ್ಟರ್ ವುಡ್ಸನ್ ಎಂಬ ವಿದ್ವಾಂಸರು ೧೯೨೬ನೆಯ ಇಸವಿಯ ಫೆಬ್ರುವರಿಯಲ್ಲಿ ಕರಿಯರ ಚರಿತ್ರೆಯ ಸಪ್ತಾಹವೊಂದನ್ನು ಆರಂಭಿಸಿದರು. ಅವರ ತಂದೆತಾಯಿಗಳು ಗುಲಾಮರಾಗಿ ಬಾಳಿದವರು. ಆ ಸಪ್ತಾಹವು ೧೯೭೬ರಲ್ಲಿ ಮಾಸವಾಗಿ ಬೆಳೆಯಿತು. ಅದೇ ೧೯೨೬ರಲ್ಲಿ, ಪೋರ್ಟೋ ರಿಕೊ ದ್ವೀಪದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲಸಿದ್ದ ಆರ್ತುರೋ ಶಾಂಬರ್ಗ್ ಅವರ ಸಂಗ್ರಹವನ್ನು ಆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಕಾರ್ನೆಗಿ ಸಂಸ್ಥೆಯವರು ೧೦,೦೦೦ ಡಾಲರು ಕೊಟ್ಟು ಕೊಂಡರು. ಕರಿಯ ಜನರು ಬರೆದ, ಕರಿಯ ಜನರನ್ನು ಕುರಿತ ಸಾವಿರಾರು ಪುಸ್ತಕಗಳೂ ಹಸ್ತಲಿಖಿತಗಳೂ ಚಿತ್ರಗಳೂ ಅದರಲ್ಲಿದ್ದವು. ನಿಮ್ಮವರಿಗೆ ಚರಿತ್ರೆಯೇ ಇಲ್ಲವೆಂದು ಬಾಲ್ಯದಲ್ಲಿ ಶಿಕ್ಷಕರೊಬ್ಬರು ಆಡಿದ ಮಾತಿಗೆ ಉತ್ತರವಾಗಿ ಶಾಂಬರ್ಗರು ಆಯುಷ್ಯವಿಡೀ ಪುಸ್ತಕ ಕೂಡಿಸಿದರೆಂದು ಪ್ರತೀತಿ. ಹಾರ್ಲೆಮ್ ಕೇರಿಯ ಆ ಗ್ರಂಥಾಲಯವು ಇಂದು ಅವರ ಹೆಸರಿನಿಂದಲೇ ಶಾಂಬರ್ಗ್ ಕೇಂದ್ರವೆನಿಸಿದೆ.

ಇನ್ನು ಅದೇ ೧೯೨೬ರಲ್ಲಿ ವಿಜಾಪುರದಲ್ಲಿ ಏನು ನಡೆಯಿತು? ಫ. ಗು. ಹಳಕಟ್ಟಿಯವರು "ಶಿವಾನುಭವ" ಪತ್ರಿಕೆಯನ್ನು ಹೊರಡಿಸಿದರು. ಮಠಗಳ ಗವಾಕ್ಷಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಹುಳ ಹಿಡಿಯುತ್ತಿದ್ದ ತಾಡವೋಲೆಗಳನ್ನು ಹುಡುಕಿ ತಂದು, ಅಂಬಿಗ, ಮಾದಾರ, ಡೋಹಾರ, ಮಡಿವಾಳ ಎಂದು ಕಾಯಕದ ಹೆಸರಿನಿಂದಲೇ ಕರೆಯಿಸಿಕೊಂಡ ಶರಣರ ವಚನಗಳನ್ನು ಅವರು ಅಚ್ಚಿಗೆ ತಂದರು. ಹಳಕಟ್ಟಿಯವರು ಉಳಿದ ಇಬ್ಬರನ್ನು ಕಂಡವರಲ್ಲ. ಆದರೂ ಮೂವರ ಕೆಲಸದ ಕ್ರಮವೂ ಒಂದೇ ಆಗಿತ್ತು: ಸಂಗ್ರಹವು ಮೊದಲು, ಉತ್ಸವವು ಆಮೇಲೆ. ಸಂಗ್ರಹವಿಲ್ಲದ ಉತ್ಸವವು ಪಂಜಿನ ಮೆರವಣಿಗೆಯಂತೆ. ಹೋದ ಬೀದಿಯಲ್ಲಿ ಬೆಳಕು, ಹೋದ ಮೇಲೆ ಮೊದಲಿನ ಕತ್ತಲೆ. ಯಾವ ಸ್ಮರಣೋತ್ಸವವನ್ನು ತೂಗುವಾಗಲೂ ಇದೇ ತಕ್ಕಡಿಯನ್ನು ಬಳಸಬೇಕು.

ಶಾಂಬರ್ಗ್ ಕೇಂದ್ರದವರು ೨೦೧೩ರಲ್ಲಿ ಹಿಂದುಸ್ಥಾನದ ಆಫ್ರಿಕನ್ನರನ್ನು ಕುರಿತು ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಸಿಲ್ವಿಯಾನ್ ದಿಯೂಫ್ ಹಾಗೂ ಕೆನೆತ್ ರಾಬಿನ್ಸ್ ಎಂಬಿಬ್ಬರು ಅದನ್ನು ಸಿದ್ಧಗೊಳಿಸಿದವರು. "ಗುಲಾಮರಿಂದ ದಂಡನಾಯಕರವರೆಗೆ, ಅರಸರವರೆಗೆ" ಎಂಬರ್ಥದ ಹೆಸರು ಅದಕ್ಕೆ. ಚಿತ್ರಗಳ, ಕಟ್ಟಡಗಳ ಹಾಗೂ ಜನರ ಪ್ರತಿಕೃತಿಗಳನ್ನು ಫಲಕಗಳಲ್ಲಿ ಜೋಡಿಸಿ, ಪಕ್ಕದಲ್ಲಿ ವಿವರಣೆಗಳನ್ನು ಬರೆದು, ಎತ್ತಿಕೊಂಡು ಹೋಗಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ರೀತಿಯಲ್ಲಿ ಅದನ್ನು ರಚಿಸಿದ್ದರು. ಅದು ಹಲವು ದೇಶಗಳಲ್ಲಿ ಸಂಚರಿಸಿತು. ೨೦೧೪ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೂ ಬಂದಿತು.

ಈ ಪ್ರದರ್ಶನದ ಗುಣವನ್ನು ಮೊದಲು ಹೇಳುವದು ನ್ಯಾಯ. ಮೂಲಚಿತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬಂಧಿಸುವದಕ್ಕಿಂತ ಪ್ರತಿಕೃತಿಗಳನ್ನು ಊರೂರಿಗೆ ಕಳಿಸುವದು ಜನೋಪಯೋಗಿಯಾದ ಕ್ರಮ. ಇದಕ್ಕೂ ಮಿಗಿಲಾಗಿ, ಚದುರಿಹೋಗಿದ್ದ ನೆನಪುಗಳನ್ನು ಅದು ಒಂದೇ ಸೂರಿನ ಕೆಳಗೆ ತಂದಿತು. ವಿಜಾಪುರದ ಸಂಪತ್ತು ಎಷ್ಟು ಚದುರಿದೆ ಎಂಬದು ಬಲ್ಲವರಿಗೆ ಗೊತ್ತು. ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಗ್ರಂಥಭಾಂಡಾರದ ಅವಶೇಷವು ೧೮೫೩ರಲ್ಲಿ ಲಂಡನ್ನಿಗೆ ಸಾಗಿತು. ಮುಹಮ್ಮದ ಆದಿಲಶಹನ ಮಂತ್ರಿಯೂ ಸೇನಾನಿಯೂ ಆಗಿದ್ದ ಇಖ್ಲಾಸ್ ಖಾನನು ಕೈಯಲ್ಲಿ ಬಿನ್ನವತ್ತಳೆ ಹಿಡಿದಿರುವ, ೧೬೫೦ರ ಸುಮಾರಿನ ಚಿತ್ರವನ್ನು ನೋಡಬೇಕಾದರೆ ಅಮೇರಿಕದ ಸಾನ್ ಡಿಯಾಗೋ ಊರಿನ ಸಂಗ್ರಹಾಲಯಕ್ಕೆ ಹೋಗಬೇಕು. ತನ್ನ ಊರಿನ ಮಂತ್ರಿಯ ಮುಖವನ್ನು ಸಿಂದಗಿಯ ವಿದ್ಯಾರ್ಥಿಯು ಸಮುದ್ರದಾಚೆಯಲ್ಲದೆ ಕಾಣಲಾರನೆಂಬ ಸ್ಥಿತಿಯಲ್ಲಿ, ಪ್ರತಿಕೃತಿಯಾದರೂ ಸಂಚರಿಸಿದ್ದು ಉಪಕಾರವೇ.

ಚಿತ್ರಗಳ ವಿಷಯಕ್ಕೆ ಎರಡು ಮಾತು ಹೇಳದೆ ಮುಂದೆ ಹೋಗುವದು ಸರಿಯಲ್ಲ. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಇಬ್ಬರು ಚಿತ್ರಕಾರರು ಸುಮಾರು ೧೬೪೫ರಲ್ಲಿ ಬರೆದ ಒಂದು ಪಟದಲ್ಲಿ ಮುಹಮ್ಮದ ಆದಿಲಶಹನು ಆನೆಯ ಮೇಲೆ ಕುಳಿತಿದ್ದಾನೆ. ಹಿಂದೆ ಇಖ್ಲಾಸ್ ಖಾನನಿದ್ದಾನೆ. ಒಬ್ಬನ ಮೈಬಣ್ಣ ತಿಳಿ, ಒಬ್ಬನದು ಕಪ್ಪು. ಆದರೆ ಕಪ್ಪನ್ನು ಬರೆದ ಕುಂಚವು ತಿಳಿಯನ್ನು ಬರೆದ ಕುಂಚಕ್ಕಿಂತ ಒರಟಾಗಿಲ್ಲ. ಕಣ್ಣು, ಮೂಗು, ಗಡ್ಡದ ರೇಖೆ, ಎಲ್ಲವೂ ಇಂಥವನೊಬ್ಬನದೇ ಎಂಬಂತೆ ಇವೆಯೇ ಹೊರತು ಹಬ್ಶಿ ಜಾತಿಯದೆಂಬಂತೆ ಇಲ್ಲ. ಇದರ ಪಕ್ಕದಲ್ಲಿ ಮೊಗಲ ದರಬಾರಿನ ಚಿತ್ರವನ್ನು ಇಟ್ಟು ನೋಡಬೇಕು. ಅಹಮದನಗರದ ಮಲಿಕ್ ಅಂಬರನನ್ನು ರಣದಲ್ಲಿ ಎಂದೂ ಅಡಗಿಸಲಾರದ ಜಹಾಂಗೀರ ಬಾದಶಹನು, ಸುಮಾರು ೧೬೧೬ರಲ್ಲಿ ಅಬುಲ್ ಹಸನ್ ಎಂಬ ಚಿತ್ರಕಾರನಿಂದ, ತಾನು ಅಂಬರನ ಕಡಿದ ತಲೆಗೆ ಬಾಣ ಬಿಡುವಂತೆ ಬರೆಯಿಸಿಕೊಂಡನು. ಆ ಪಟವು ಈಗ ಡಬ್ಲಿನ್ ಊರಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಂಬರನು ತಲೆಯ ಸಮೇತ ಬದುಕಿದ್ದು ೧೬೨೬ರಲ್ಲಿ ವೃದ್ಧನಾಗಿ ಸ್ವಾಭಾವಿಕ ಮರಣವನ್ನೇ ಹೊಂದಿದನು. ಒಂದು ಚಿತ್ರವು ಕಂಡದ್ದನ್ನು ಬರೆಯಿತು, ಇನ್ನೊಂದು ಬಯಸಿದ್ದನ್ನು ಬರೆಯಿತು. ಮೊದಲನೆಯದು ಸ್ವಭಾವೋಕ್ತಿ, ಎರಡನೆಯದಕ್ಕೆ ಉತ್ಪ್ರೇಕ್ಷೆಯೆಂಬ ಗೌರವದ ಹೆಸರೂ ಸಲ್ಲದು.

ಇಷ್ಟು ಗುಣಗಳುಳ್ಳ ಪ್ರದರ್ಶನದ ದೋಷವು ಎಲ್ಲಿದೆ? ಅದರ ಹೆಸರಿನಲ್ಲಿಯೇ ಇದೆ. ಗುಲಾಮನಿಂದ ದಂಡನಾಯಕ, ದಂಡನಾಯಕನಿಂದ ಅರಸ, ಇದು ಒಂದು ಏಣಿ. ಏಣಿಯನ್ನು ನಿಲ್ಲಿಸಿದ ಮೇಲೆ ನೋಡುವವರ ಕಣ್ಣು ಮೇಲಿನ ಮೆಟ್ಟಿಲಿಗೇ ಹೋಗುವದು ಸಹಜ. ಅಂಬರನು ಏರಿದನು, ಇಖ್ಲಾಸನು ಏರಿದನು, ಸಂದಲನು ಏರಿದನು, ಸಂತೋಷ. ಏರದೆ ಉಳಿದವರು ಯಾರು? ಕೋಟೆಯ ಕಲ್ಲು ಹೊತ್ತವರು, ಪಾಳೆಯದ ಮುಂದೆ ನಿಂತು ಮೊದಲು ಸತ್ತವರು, ಅಂತಃಪುರದ ಬಾಗಿಲು ಕಾಯ್ದವರು, ಅಲ್ಲಿ ನೀರು ಹೊತ್ತ ಹೆಂಗಸರು, ಇವರಿಗೆ ಏಣಿಯಲ್ಲಿ ಎಡೆಯಿಲ್ಲ. ಏರಿದವರ ಗತಿಯೂ ಏಣಿಯು ತೋರುವಷ್ಟು ನೇರವಾಗಿರಲಿಲ್ಲ. ಬಾಲಕನಾಗಿದ್ದ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ ೧೫೮೨ರಿಂದ ಸುಮಾರು ಎಂಟು ವರ್ಷ ವಿಜಾಪುರವನ್ನಾಳಿದ ಹಬ್ಶಿ ದಿಲಾವರ ಖಾನನು ಕಡೆಗೆ ಕಣ್ಣುಗಳನ್ನು ಕಳೆದುಕೊಂಡು ಸೆರೆಗೆ ಬಿದ್ದನು.

ರಸದೃಷ್ಟಿಯಿಂದ ಇದನ್ನೇ ಇನ್ನಷ್ಟು ಸೂಕ್ಷ್ಮವಾಗಿ ಹೇಳಬಹುದು. ಇಂಥ ಪ್ರದರ್ಶನಗಳ ಅಂಗಿರಸವು ಅದ್ಭುತ. ಅದ್ಭುತಕ್ಕೆ ವಿಸ್ಮಯವು ಸ್ಥಾಯೀಭಾವ. ವಿಸ್ಮಯವು ಹುಟ್ಟುವದು ಯಾವಾಗ? ಆಗಲಾರದೆಂದು ಬಗೆದದ್ದು ಆದಾಗ. ಸೂರ್ಯನು ಮೂಡಿದನೆಂದು ಯಾರೂ ಬೆರಗಾಗುವದಿಲ್ಲ. ಕಲ್ಲು ತೇಲಿತೆಂದರೆ ಬೆರಗಾಗುತ್ತಾರೆ. ಹಾಗಾದರೆ ಕರಿಯನೊಬ್ಬನು ರೋಜಾವನ್ನು ಕಟ್ಟಿಸಿದನೆಂದು ಬೆರಗಾಗುವವನು, ಬೆರಗಾಗುವದಕ್ಕೆ ಮುಂಚೆಯೇ, ಅವನಿಂದ ಅದು ಆಗದೆಂದು ಮನಸ್ಸಿನಲ್ಲಿ ತೀರ್ಪು ಬರೆದಿಟ್ಟವನಲ್ಲವೇ? ಹೊಗಳಿಕೆಯ ಬೆನ್ನಿನಲ್ಲಿ ಹೀಗೆ ಒಂದು ಹಳಿಯುವಿಕೆಯು ಅಂಟಿಕೊಂಡು ಬರುತ್ತದೆ. ಇದನ್ನು ಮೊದಲು ಮಾಡಿದವರು ಇಂದಿನ ಪ್ರದರ್ಶಕರೂ ಅಲ್ಲ. ಮಲಿಕ್ ಅಂಬರನು ತೀರಿದಾಗ ಮೊಗಲರ ಕಡೆಯ ಬಖರಕಾರನೇ, ಹಬ್ಶಿ ಗುಲಾಮನೊಬ್ಬನು ಇಷ್ಟು ಎತ್ತರಕ್ಕೇರಿದ ಬೇರೆ ಉದಾಹರಣೆಯು ಚರಿತ್ರೆಯಲ್ಲಿಲ್ಲವೆಂಬರ್ಥದ ಮಾತನ್ನು ಬರೆದಿಟ್ಟನು. ಶತ್ರುವಿನ ಸ್ತುತಿಯಾದ್ದರಿಂದ ಅದು ಉದಾರವೇ. ಆದರೆ ಅದರ ಬೀಜವು ವಿಸ್ಮಯ. ಸುಮಾರು ನಾಲ್ಕು ನೂರು ವರ್ಷಗಳಾದ ಮೇಲೂ ಸ್ನೇಹಿತರು ಕಟ್ಟಿದ ಪ್ರದರ್ಶನವು ಶತ್ರುವಿನ ಬಖರಕಾರನ ರಸವನ್ನೇ ಆಶ್ರಯಿಸಿದರೆ, ಅಲ್ಲಿ ಔಚಿತ್ಯಭಂಗವಾಯಿತೆಂದೇ ಹೇಳಬೇಕು.

ಹೆಸರುಗಳ ವಿಚಾರವು ಇದಕ್ಕಿಂತ ಕರುಣಾಜನಕವಾದದ್ದು. ಸಂದಲ್ ಎಂದರೆ ಚಂದನ. ಸಂಸ್ಕೃತದ ಶಬ್ದವೇ ಪಾರಸಿಯ ವೇಷ ತೊಟ್ಟು ಮರಳಿ ಬಂದದ್ದು. ಅಂಬರ್ ಎಂದರೆ ತಿಮಿಂಗಿಲದಿಂದ ದೊರೆಯುವ ಸುಗಂಧ. ಸಂಸ್ಕೃತ ಬಲ್ಲವರು ಇದನ್ನು ಆಕಾಶವೆಂದಾಗಲಿ ವಸ್ತ್ರವೆಂದಾಗಲಿ ತಿಳಿಯಬಾರದು. ರೈಹಾನ್ ಎಂದರೆ ಕಾಮಕಸ್ತೂರಿ. ಇಖ್ಲಾಸ್ ಖಾನನೆಂಬ ಬಿರುದು ಬರುವದಕ್ಕೆ ಮುಂಚೆ ಆ ಮಂತ್ರಿಯ ಹೆಸರು ಮಲಿಕ್ ರೈಹಾನ್ ಎಂದಿತ್ತು. ವಿಜಾಪುರದ ಜುಮ್ಮಾ ಮಸೀದೆಯ ಮಿಹರಾಬಕ್ಕೆ ೧೬೩೬ರಲ್ಲಿ ಬಂಗಾರದ ಕೆಲಸ ಮಾಡಿಸಿದವನು ಮಲಿಕ್ ಯಾಕೂತ್. ಯಾಕೂತ್ ಎಂದರೆ ಮಾಣಿಕ್ಯ. ೧೬೬೦ರಲ್ಲಿ ಪನ್ಹಾಳಗಡಕ್ಕೆ ಮುತ್ತಿಗೆ ಹಾಕಿದವನು ಸಿದ್ದಿ ಜೌಹರ್. ಜೌಹರ್ ಎಂದರೆ ರತ್ನ. ಕೇಳಲು ಎಷ್ಟು ಸೊಗಸಾದ ಹೆಸರುಗಳು! ಆದರೆ ಇವುಗಳನ್ನು ತೊಟ್ಟಿಲಲ್ಲಿ ತಾಯಿ ಕೂಗಿದವಳಲ್ಲ. ಕೊಂಡವರು ತಮ್ಮ ಮನೆಯ ಗಂಧದ ಭರಣಿಗೂ ಒಡವೆಯ ಪೆಟ್ಟಿಗೆಗೂ ಸಲ್ಲುವ ಹೆಸರುಗಳನ್ನು ಕೊಂಡ ಹುಡುಗರಿಗೂ ಇಡುತ್ತಿದ್ದರು. ಮಲಿಕ್ ಎಂದರೆ ಒಡೆಯ. ಒಡೆಯನೆಂಬ ಬಿರುದಿನ ಬೆನ್ನಿಗೇ ಒಡವೆಯ ಹೆಸರು! ಅಂಬರನಿಗೆ ಮೊದಲು ಚಾಪು ಎಂಬ ಹೆಸರಿತ್ತು. ೧೫೪೮ರ ಸುಮಾರಿಗೆ ಅಬಿಸೀನಿಯಾದಲ್ಲಿ ಹುಟ್ಟಿ, ಎಳೆತನದಲ್ಲಿ ಮಾರಾಟಕ್ಕೆ ಬಿದ್ದು, ಕೈಯಿಂದ ಕೈಗೆ ದಾಟಿ ಬಾಗದಾದಿಗೆ ಬಂದಾಗ ಅಲ್ಲಿಯ ಒಡೆಯನು ಅವನನ್ನು ಅಂಬರ್ ಎಂದು ಕರೆದನು. ಉಳಿದವರ ಮೊದಲ ಹೆಸರುಗಳು ಯಾವ ಶಿಲೆಯ ಮೇಲೂ ಇಲ್ಲ.

ಇನ್ನೊಂದು ಸಂಗತಿ. ಅಬಿಸೀನಿಯಾದವರಿಗೆ ಹಿಂದುಸ್ಥಾನದ ಹತ್ತಿಯ ಬಟ್ಟೆ ಬಹಳವಾಗಿ ಬೇಕಾಗಿತ್ತು. ಅದಕ್ಕೆ ಪ್ರತಿಯಾಗಿ ಬಂಗಾರ, ದಂತ ಇವುಗಳೊಡನೆ ಮನುಷ್ಯರೂ ಹಡಗು ಹತ್ತಿ ಬಂದರು. ಅರಿವೆಯ ಸುರುಳಿಯೊಂದು ಆ ಕಡೆಗೆ, ಹುಡುಗನೊಬ್ಬನು ಈ ಕಡೆಗೆ. ಅಂಬರನು ಅಹಮದನಗರದ ಹಬ್ಶಿ ಮಂತ್ರಿಯಾದ ಚಂಗೀಜ್ ಖಾನನ ಸೇವಕನಾಗಿ, ನಡುವೆ ಕೆಲಕಾಲ ವಿಜಾಪುರದ ಚಾಕರಿ ಮಾಡಿ, ೧೬೦೦ರ ಬಳಿಕ ನಿಜಾಮಶಾಹಿಗೆ ಆಧಾರಸ್ತಂಭವಾಗಿ, ೧೬೨೪ರಲ್ಲಿ ಭಾತವಡಿಯಲ್ಲಿ ಮೊಗಲ ಹಾಗೂ ವಿಜಾಪುರದ ಕೂಡುದಂಡನ್ನು ಮುರಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ಹೇಳುವವರು ಆ ಅರಿವೆಯ ಸುರುಳಿಯಿಂದ ಆರಂಭಿಸಬೇಕು. ಆಗ ವಿಸ್ಮಯದ ಸ್ಥಾನದಲ್ಲಿ ನಾಚಿಕೆಯೂ, ನಾಚಿಕೆಯ ಹಿಂದೆ ಗೌರವವೂ ಹುಟ್ಟುವದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹೀನಾಯವಾಗಿ ಕಾಣಲ್ಪಟ್ಟ ಜನಕ್ಕೆ ವೀರರ ಕಥೆಗಳು ಬೇಡವೇ? ಯಲ್ಲಾಪುರದ ಕಡೆಯ ಸಿದ್ದಿ ಬಾಲಕನೊಬ್ಬನು ತನ್ನಂಥದೇ ಕೂದಲು, ತನ್ನಂಥದೇ ಬಣ್ಣವುಳ್ಳ ಇಖ್ಲಾಸ್ ಖಾನನನ್ನು ಪಟದಲ್ಲಿ ನೋಡಿ ತಲೆಯೆತ್ತಿದರೆ ಅದು ಲಾಭವಲ್ಲವೇ? ಖಂಡಿತವಾಗಿ ಲಾಭ. ಅಂಥ ಬಾಲಕನ ವಿಸ್ಮಯಕ್ಕೂ ರೋಜಾದ ಯಾತ್ರಿಕನ ವಿಸ್ಮಯಕ್ಕೂ ಅಜಗಜಾಂತರವುಂಟು. ಬಾಲಕನದು "ನನ್ನಿಂದಲೂ ಆದೀತು" ಎಂಬ ಉತ್ಸಾಹ, ಅದು ವೀರದ ಸ್ಥಾಯೀಭಾವ. ಯಾತ್ರಿಕನದು "ಅವನಿಂದಲೂ ಆಯಿತೇ" ಎಂಬ ಬೆರಗು. ಒಂದೇ ಪಟವು ಇಬ್ಬರು ಸಹೃದಯರಲ್ಲಿ ಎರಡು ರಸಗಳನ್ನು ಹುಟ್ಟಿಸಬಲ್ಲದು. ಆದಕಾರಣ ಆಕ್ಷೇಪವು ಪಟಕ್ಕಲ್ಲ, ಪಟದ ಪಕ್ಕದ ಬರಹಕ್ಕೆ. ಏರಿದವನನ್ನು ತೋರಿಸುವದಕ್ಕಲ್ಲ, ಏರದವನನ್ನು ತೋರಿಸದೆ ಬಿಡುವದಕ್ಕೆ. ಎತ್ತರಕ್ಕೇರಿದರೆ ಮಾತ್ರ ಮಾನವೆಂದು ಆ ಬಾಲಕನು ಕಲಿತರೆ, ಕಾಡಿನಲ್ಲಿ ಜೇನು ಕಿತ್ತು ಮಗನನ್ನು ಶಾಲೆಗೆ ಕಳಿಸಿದ ತನ್ನ ತಂದೆಯನ್ನು ಅವನು ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಬೇಕು?

ಈ ಪ್ರಶ್ನೆಗೆ ಉತ್ತರವನ್ನು ಅದೇ ಶಾಂಬರ್ಗ್ ಕೇಂದ್ರವು, ಬಹುಶಃ ತಾನೇ ಅರಿಯದೆ, ಎರಡು ವರ್ಷ ಮುಂಚೆಯೇ ಕೊಟ್ಟಿತ್ತು. ೨೦೧೧ರಲ್ಲಿ ಅಲ್ಲಿ ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಕೌದಿಗಳ ಪ್ರದರ್ಶನವು ನಡೆಯಿತು. ಹೆನ್ರಿ ಡ್ರೂವಲ್ ಎಂಬ ಕಲಾಪಂಡಿತರು ಅದರ ಹಿಂದೆ ಇದ್ದವರು. ಕೌದಿಯೆಂದರೇನೆಂದು ಈ ಜಿಲ್ಲೆಯ ಮನೆಗಳಲ್ಲಿ ಯಾರಿಗೂ ಹೇಳಬೇಕಾದದ್ದಿಲ್ಲ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹಚ್ಚಿ ಹೊಲಿದ ಹಾಸಿಗೆಯ ಮೇಲೆಯೇ ಇಲ್ಲಿಯ ಮಕ್ಕಳು ಹುಟ್ಟಿ ಬೆಳೆದದ್ದು. ಸಿದ್ದಿಯರು ತಮ್ಮ ಕೌದಿಯ ನಾಲ್ಕು ಮೂಲೆಗಳಲ್ಲಿ ಅರಿವೆಯನ್ನು ತ್ರಿಕೋನವಾಗಿ ಮಡಿಸಿ "ಹೂವು" ಇಡುತ್ತಾರೆ. ಆ ಹೂವಿಲ್ಲದ ಕೌದಿಯು ಅವರ ಭಾವನೆಯಲ್ಲಿ ಬತ್ತಲೆಯಾದದ್ದು. ಆ ಹೂವು ಚಳಿಯನ್ನು ತಡೆಯುವದಿಲ್ಲ. ಆದರೂ ಅದು ಬೇಕೇ ಬೇಕು. ಅವಶ್ಯಕತೆಯ ಮೂಲೆಯಲ್ಲಿ ಅನವಶ್ಯಕವಾದ ಒಂದು ಸೊಗಸನ್ನು ಇಡುವ ಈ ಮನಸ್ಸೇ ಕಲೆಯ ಮೂಲ. ಬಟ್ಟೆಗೆ ಬದಲಾಗಿ ಮನುಷ್ಯರನ್ನು ತಂದ ಚರಿತ್ರೆಯ ಕಡೆಯ ಪುಟದಲ್ಲಿ, ಕರಿಯ ಹೆಂಗಸೊಬ್ಬಳು ಹರಿದ ಬಟ್ಟೆಗೆ ಹೂವಿಡುತ್ತಿದ್ದಾಳೆ. ದಂಡನಾಯಕರ ಪ್ರದರ್ಶನಕ್ಕಿಂತ ಈ ಪ್ರದರ್ಶನವು ಕಾವ್ಯದೃಷ್ಟಿಯಿಂದ ಮೇಲು. ಏಕೆಂದರೆ ಇಲ್ಲಿ ಯಾರನ್ನೂ ಅಪವಾದವೆಂದು ತೋರಿಸಿಲ್ಲ. ಕೌದಿಯ ಮುಂದೆ ನಿಂತವನು "ಸಿದ್ದಿಯೇ?" ಎನ್ನುವದಿಲ್ಲ, "ನಮ್ಮ ಅಜ್ಜಿಯೂ ಹೀಗೆ ಹೊಲಿಯುತ್ತಿದ್ದಳು" ಎನ್ನುತ್ತಾನೆ.

ಎರಡನೆಯ ಉತ್ತಮ ಉದಾಹರಣೆಯು ಕನ್ನಡ ರಂಗಭೂಮಿಯದು. ೧೯೮೦ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಯರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ, ನೈಜೀರಿಯಾದ ಚಿನುವಾ ಅಚಿಬೆಯವರು ೧೯೫೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿಸಿದರು. ಪರಕೀಯರ ಆಳ್ವಿಕೆಯು ಬಂದು ಒಂದು ಹಳ್ಳಿಯ ಬಾಳು ಒಡೆದುಹೋಗುವ ಕಥೆ ಅದು. ಅದ್ಭುತವಲ್ಲ, ಕರುಣವು ಅದರ ರಸ. ಸಿದ್ದಿಯರ ಡಮಾಮಿ ಕುಣಿತವನ್ನು ಮೆರವಣಿಗೆಗಳಲ್ಲಿ ಮುಂದೆ ಬಿಡುವ ಪದ್ಧತಿಯೊಂದು ನಾಡಿನಲ್ಲಿ ಬೆಳೆದಿದೆ. ಡಮಾಮಿಯ ವಾದ್ಯವೂ ಲಯವೂ ಉತ್ತಮವಾದವುಗಳೇ. ಆದರೆ ಬೀದಿಯಲ್ಲಿ ಬಡಿದು ಮುಂದೆ ಸಾಗುವವರನ್ನು ಜನರು ನೋಡುತ್ತಾರೆ, ಕೇಳುವದಿಲ್ಲ. ನಾಟಕದಲ್ಲಿಯಾದರೋ ಅವರಿಗೆ ಮಾತು ಉಂಟು. ಮಾತಿಗೆ ಪ್ರತಿಮಾತು ಉಂಟು. ಮಾತನಾಡದೆ ನಿಲ್ಲುವ ಹಕ್ಕೂ ಉಂಟು. ಮೈಯನ್ನು ಮಾತ್ರ ಮೆಚ್ಚಿ ಮಾತನ್ನು ಕೇಳದ ಮೆಚ್ಚುಗೆಯು, ಹಿಂದಿನ ಸಂತೆಯಲ್ಲಿ ಕೊಳ್ಳುವವನು ಮಾಡುತ್ತಿದ್ದ ಪರೀಕ್ಷೆಗೆ ಬಹಳ ದೂರದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ವಿಜಾಪುರದ ಹಬ್ಶಿ ಅಮೀರರೂ ಉತ್ತರ ಕನ್ನಡದ ಸಿದ್ದಿಯರೂ ಒಂದೇ ಮನೆತನದವರೆಂದು ಭಾಷಣಗಳಲ್ಲಿ ಹೇಳುವದು ಸುಲಭ. ಆಧಾರ ತೋರಿಸುವದು ಕಠಿಣ. ವಿಜಾಪುರಕ್ಕೆ ಬಂದವರಲ್ಲಿ ಅಬಿಸೀನಿಯಾದವರು ಹೆಚ್ಚು. ಘಟ್ಟದ ಮೇಲಿನ ಸಿದ್ದಿಯರಲ್ಲಿ ಬಹುಜನರ ಪೂರ್ವಿಕರು ಪೋರ್ತುಗೀಜರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರೆಂದು ಪಂಡಿತರ ಮತ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರಿಸ್ತರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆಯನ್ನೂ ಊರಲ್ಲಿ ಕನ್ನಡವನ್ನೂ ಆಡುವವರು ಬಹಳ. ಅವರನ್ನು ಗೌರವಿಸಲು ಇಖ್ಲಾಸ್ ಖಾನನ ರಕ್ತದ ಪ್ರಮಾಣಪತ್ರವು ಬೇಡ. ಉತ್ತರ ಕನ್ನಡದ ಸಿದ್ದಿಯರು ೨೦೦೩ರಲ್ಲಿಯೂ, ಬೆಳಗಾವಿ ಹಾಗೂ ಧಾರವಾಡ ಜಿಲ್ಲೆಗಳ ಸಿದ್ದಿಯರು ೨೦೨೦ರಲ್ಲಿಯೂ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು, ಶಾಂತಾರಾಮ ಸಿದ್ದಿಯವರು ೨೦೨೦ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು, ಇವು ಯಾವ ಸುಲ್ತಾನನ ಕೃಪೆಯೂ ಅಲ್ಲ. ವಂಶದ ಕೀರ್ತಿಯನ್ನು ಕಲ್ಪಿಸಿ ಕೊಡುವದು ಹೊಗಳುಭಟರ ಕೆಲಸವೇ ಹೊರತು ಗ್ರಂಥಾಲಯದ ಕೆಲಸವಲ್ಲ.

ಇನ್ನು ಈ ನಾಲ್ಕು ತಾಲೂಕುಗಳ ಕರ್ತವ್ಯವೇನು? ಕಲಿಯಲು ಹೊರಗೆ ಹೋಗಬೇಕಾಗಿಲ್ಲ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಕೂಡಿ, ಬೀಸುವ ಕಲ್ಲಿನ ಮುಂದೆ ಹಾಡುವ ಹೆಂಗಸರ ತ್ರಿಪದಿಗಳನ್ನು ಕೇಳಿ ಬರೆದುಕೊಂಡು ೧೯೩೧ರಲ್ಲಿ "ಗರತಿಯ ಹಾಡು" ಎಂದು ಪ್ರಕಟಿಸಿದರು. ಓದು ಬಾರದ ಹೆಂಗಸರು ಕವಿತೆ ಕಟ್ಟಿದರೆಂದು ಅವರು ಬೆರಗನ್ನು ಮಾರಲಿಲ್ಲ. ಕವಿತೆಯನ್ನು ಕವಿತೆಯೆಂದೇ ಮುಂದಿಟ್ಟರು. ಹೆಸರಿಲ್ಲದವರನ್ನು ಹೇಗೆ ನೆನೆಯಬೇಕೆಂಬದಕ್ಕೆ ಇದಕ್ಕಿಂತ ಮೇಲಾದ ಮಾದರಿಯು ನ್ಯೂಯಾರ್ಕಿನಲ್ಲಿಯೂ ಇಲ್ಲ. ೧೯೬೫ರ ಕಾಯಿದೆಯ ಮೇಲೆ ನಿಂತ ಸಾರ್ವಜನಿಕ ಗ್ರಂಥಾಲಯಗಳು ಈ ನಾಡಿನ ತಾಲೂಕು ತಾಲೂಕುಗಳಲ್ಲಿ ಉಂಟು. ಅವುಗಳ ಒಂದು ಕಪಾಟಿನಲ್ಲಿ ಇಖ್ಲಾಸ್ ಖಾನನ ಚಿತ್ರದ ಪ್ರತಿಕೃತಿ, ಸಂದಲನ ಶಿಲಾಲೇಖದ ಕನ್ನಡ ಭಾಷಾಂತರ, ಸಿದ್ದಿಯರ ಹಾಡುಗಳ ಹಾಗೂ ಕಥೆಗಳ ಸಂಗ್ರಹ, ಮುಂಡಗೋಡದ ಒಂದು ಕೌದಿ ಮತ್ತು ಪಕ್ಕದಲ್ಲಿ ಮುದ್ದೇಬಿಹಾಳದ ಒಂದು ಕೌದಿ, ಇಷ್ಟನ್ನು ಇಡಲು ಬಹಳ ಹಣ ಬೇಕಿಲ್ಲ. ಉತ್ಸವವು ಆಮೇಲೆ ಆಗಲಿ. ಅತಿಥಿಗಳನ್ನು ಕರೆಯುವಾಗ ಕುಣಿಯಲು ಮಾತ್ರ ಕರೆಯದೆ, ಮಾತನಾಡಲೂ ಕರೆಯಲಿ.

ಆದರೆ ಕಪಾಟಿಗಿಂತ ಮೊದಲು ಶುದ್ಧವಾಗಬೇಕಾದ ಸ್ಥಳವು ಒಂದುಂಟು, ಅದು ಮನೆಯ ಪಡಸಾಲೆ. ಮಹಾಭಾರತವನ್ನು ಹೇಳಿದ ವ್ಯಾಸನು ಕೃಷ್ಣದ್ವೈಪಾಯನನು, ದ್ರೌಪದಿಯು ಕೃಷ್ಣೆ, ಪೂಜೆಯ ಕೋಣೆಯಲ್ಲಿ ಮೇಘಶ್ಯಾಮನೆಂದು ಕೈಮುಗಿಯುವ ಮನೆಯಲ್ಲಿಯೇ, ವಧುವಿನ ವಿಚಾರ ಬಂದಾಗ ಪಡಸಾಲೆಯಲ್ಲಿ ಕುಳಿತು "ಹುಡುಗಿ ಬಣ್ಣ ಸ್ವಲ್ಪ ಕಡಿಮೆ" ಎಂದು ದನಿ ತಗ್ಗಿಸಿ ಹೇಳುತ್ತಾರೆ. ಹೇಳುವವರು ವಿದ್ಯಾವಂತರು, ಕುಲವೆಂಬುದನ್ನು ಮೈಯಲ್ಲಿ ಹುಡುಕಬೇಡಿರೆಂದು ಬೋಧಿಸಿದ ಮಹಾಪುರುಷನು ಹುಟ್ಟಿದ ಬಾಗೇವಾಡಿಯ ಸುತ್ತುಮುತ್ತಲಿನವರು. ಒಳಗಿನ ಕೋಣೆಯಲ್ಲಿ ಆ ಹುಡುಗಿಗೆ ಆ ಮಾತು ಕೇಳಿಸುತ್ತದೆ. ಹಬ್ಶಿಗಳ ಚರಿತ್ರೆಯನ್ನು ಕೊಂಡಾಡುವ ಸಭೆಯಲ್ಲಿ ಚಪ್ಪಾಳೆ ತಟ್ಟಿ ಬಂದವರೇ ಆ ಮಾತನ್ನು ಆಡಿದರೆ, ಆ ಸಭೆಯ ಫಲವೇನು? ಬಣ್ಣವು ಕಡಿಮೆಯಾಗುವದಿಲ್ಲ, ಹೆಚ್ಚೂ ಆಗುವದಿಲ್ಲ. ಕಡಿಮೆಯಾಗುವದು ನೋಡುವವರ ಮನುಷ್ಯತ್ವ.

ವೈಯಾಕರಣರು ಕನ್ನಡದ ಏಕಾರಕ್ಕೆ ಅವಧಾರಣೆಯೆಂದೂ ಪ್ರಶ್ನೆಯೆಂದೂ ಅರ್ಥಗಳನ್ನು ಹೇಳುತ್ತಾರೆ. ರೋಜಾದ ನೆರಳಿನಲ್ಲಿ ನಿಂತು "ಒಬ್ಬ ಹಬ್ಶಿಯೇ?" ಎನ್ನುವವನ ಏಕಾರವು ಪ್ರಶ್ನೆಯದು, ಅದರೊಳಗೆ ನಂಬಲಾಗದೆಂಬ ಭಾವವಿದೆ. ಅದೇ ಅಕ್ಷರವು ಅವಧಾರಣೆಯಾಗಿ, "ಹೌದು, ಒಬ್ಬ ಹಬ್ಶಿಯೇ" ಎಂದು ಸಹಜವಾಗಿ ನುಡಿಯಲ್ಪಡುವ ದಿನ, ಮಲಿಕ್ ಸಂದಲನ ಒಂದೂವರೆ ಲಕ್ಷದ ಮೇಲಿನ ಒಂಬೈನೂರು ಹೊನ್ನಿನ ಲೆಕ್ಕವು ಚುಕ್ತಾ ಆಯಿತೆಂದು ತಿಳಿಯಬಹುದು. ಅಲ್ಲಿಯವರೆಗೆ ಪ್ರದರ್ಶನಗಳು ಬರಲಿ, ಹೋಗಲಿ. ಋಣವು ಮಾತ್ರ ಈ ಜಿಲ್ಲೆಯ ಹೆಸರಿನಲ್ಲಿಯೇ ಉಳಿದಿರುವದು.